ಚಿನ್ನದ ಎರಡು ದಡ, ನಡುವೆ ಒಂದೇ ಅಣುವಿನ ಸಂಕ: ಅಣು ಕಟ್ಟುವವರ ಪಾಲು ಎಷ್ಟು?

ತುಂಗಾದಡ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಸಾವಯವ ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಒಂದೊಂದು ಅಣುವನ್ನೇ ತಂತಿಯಾಗಿ, ಡಯೋಡ್ ಆಗಿ, ಸ್ವಿಚ್ ಆಗಿ ಬಳಸುವ ಆಣ್ವಿಕ ಎಲೆಕ್ಟ್ರಾನಿಕ್ಸ್‌ಗೆ ಬೇಕಾದ ಅಣುಗಳನ್ನು ಸಂಶ್ಲೇಷಿಸುವ ವಿಷಯದಲ್ಲಿ ಪಿಎಚ್‌.ಡಿ. ಮಾಡುವ ಅವಕಾಶ ಒದಗಿ ಬಂದಿದೆ. ಈ ಸುದ್ದಿ ಹೇಳಿದಾಗ ಅಪ್ಪಯ್ಯ ಒಂದೇ ಪ್ರಶ್ನೆ ಕೇಳಿದರು: "ನೀನು ವರ್ಷಗಟ್ಟಲೆ ಕಷ್ಟಪಟ್ಟು ಮಾಡಿದ ಪುಡಿಯನ್ನು ಬೇರೆಯವರು ಒಯ್ದು ಅಳೆದು ಹೆಸರು ಪಡೆಯುವುದಾದರೆ, ಅದರಲ್ಲಿ ನಿನ್ನದು ಅನ್ನುವುದು ಏನಿದೆ ಮಗಾ?" ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ಸಂಕಟ ಪ್ರಯೋಗಾಲಯದ್ದು. ನನ್ನ ಪ್ರಾಜೆಕ್ಟಿನ ಅಣುವಿನಲ್ಲಿ ಮೂರು ಬೆಂಜೀನ್ ಉಂಗುರಗಳು ಎರಡು ತ್ರಿಬಂಧಗಳ ಮೂಲಕ ನೇರ ಸಾಲಾಗಿ ಸೇರಬೇಕು; ಎರಡೂ ತುದಿಗಳಲ್ಲಿ ಅಸಿಟೈಲ್ ಹೊದಿಕೆಯೊಳಗೆ ಗಂಧಕ ಇರಬೇಕು. ನಡುವಿನ ಉಂಗುರದ ಎರಡು ಕಡೆಯೂ ಅಸಿಟಿಲೀನ್ ಇರುವ ತುಂಡನ್ನು, ಅಯೊಡಿನ್ ಮತ್ತು ಥಯೊಅಸಿಟೇಟ್ (ಅಂದರೆ ಆ ಹೊದಿಕೆಯೊಳಗಿನ ಗಂಧಕ) ಇರುವ ತುಂಡಿನೊಂದಿಗೆ ಸೊನೊಗಾಶಿರಾ ಕ್ರಿಯೆಯಿಂದ ಜೋಡಿಸುತ್ತಿದ್ದೇನೆ. ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ, ಮಿಶ್ರಣದ ಸಂಯುಕ್ತಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ತೋರಿಸುವ ಟಿಎಲ್‌ಸಿ ತಟ್ಟೆಯಲ್ಲಿ ಬೇಕಾದ ಚುಕ್ಕೆಯ ಒತ್ತಿಗೇ ಇನ್ನೊಂದು ಚುಕ್ಕೆ ಅಂಟಿಕೊಂಡು ಬರುತ್ತಿದೆ. ಯುವಿ ದೀಪದ ಕೆಳಗೆ ಎರಡೂ ಒಂದೇ ತೆರನಾಗಿ ನೀಲಿಯಾಗಿ ಹೊಳೆಯುತ್ತವೆ, ಹನಿ ಇಟ್ಟ ಜಾಗದಲ್ಲಿ ಮಾತ್ರ ಕಂದು ಕೆಸರಿನಂಥದ್ದು ಅಲುಗದೆ ಉಳಿಯುತ್ತದೆ. ಇಳುವರಿ ಶೇ. 11 ದಾಟಿಲ್ಲ. ಹೊರಗೆ ಪುನರ್ವಸು ಮಳೆ ಹಿಡಿದು ಕೂತಿದೆ. ಕಪಾಟಿನಲ್ಲಿಟ್ಟ ನೋಟ್‌ಬುಕ್ ಕೂಡ ಬೂಸಲು ಬಂದಿದೆ. ಈ ತೇವವೇ ಕಾರಣವೆಂದು ನನಗೆ ಅನ್ನಿಸುತ್ತದೆ. ಮಳೆಗಾಲ ಕಳೆಯುವವರೆಗೆ ಕಾಯುವುದು ಲೇಸೇ?

ಗಾಜನೂರಿನವ

ಮಳೆಯ ಮೇಲೆ ದೂರು ಹಾಕುವ ಮೊದಲು, ಯಾವ ಪ್ರತ್ಯಾಮ್ಲ ಬಳಸಿದೆ, ಫ್ಲಾಸ್ಕಿನೊಳಗಿನ ಗಾಳಿಯನ್ನು ಹೇಗೆ ತೆಗೆದೆ ಎಂಬುದನ್ನು ಬರೆ ತಂಗಿ.

ತುಂಗಾದಡ

ಟ್ರೈಈಥೈಲಮೀನ್ ಬಳಸಿದೆ ಅಣ್ಣ. ದ್ರಾವಕ ಟೆಟ್ರಾಹೈಡ್ರೊಫ್ಯೂರಾನ್, ಉಷ್ಣತೆ 50 ಡಿಗ್ರಿ. ಎಲ್ಲವನ್ನೂ ಹಾಕಿದ ಮೇಲೆ ಸಾರಜನಕದ ಬಲೂನ್ ಕಟ್ಟಿದೆ.

ಆರ್‌ಬಿ_ಫ್ಲಾಸ್ಕ್

ನಾನು ಹೊಸನಗರದವನು. ಬೆಂಗಳೂರಿನ ಔಷಧ ಸಂಶ್ಲೇಷಣೆಯ ಪ್ರಯೋಗಾಲಯವೊಂದರಲ್ಲಿ ಹನ್ನೆರಡು ವರ್ಷಗಳಿಂದ ಇಂಥ ಜೋಡಣೆಗಳನ್ನೇ ಮಾಡುತ್ತಿದ್ದೇನೆ. ನಿಮ್ಮ ಶತ್ರು ತೇವವಲ್ಲ, ಆಮ್ಲಜನಕ. ಸೊನೊಗಾಶಿರಾ ಕ್ರಿಯೆ ಸ್ವಲ್ಪ ನೀರಿದ್ದರೂ ತಡೆದುಕೊಳ್ಳುತ್ತದೆ. ಗಾಳಿಯನ್ನು ಮಾತ್ರ ತಡೆದುಕೊಳ್ಳುವುದಿಲ್ಲ.

1975ರಲ್ಲಿ ಪ್ರಕಟವಾದ ಈ ಕ್ರಿಯೆಯಲ್ಲಿ ಪಲ್ಲೇಡಿಯಂ ಅಯೊಡಿನ್ ಇರುವ ಉಂಗುರವನ್ನು ಹಿಡಿಯುತ್ತದೆ, ತಾಮ್ರ ಅಸಿಟಿಲೀನ್ ತುದಿಯನ್ನು ಹಿಡಿದು ಪಲ್ಲೇಡಿಯಂ ಕೈಗೆ ಒಪ್ಪಿಸುತ್ತದೆ. ಫ್ಲಾಸ್ಕಿನಲ್ಲಿ ಆಮ್ಲಜನಕ ಉಳಿದಿದ್ದರೆ ತಾಮ್ರ ಆ ಕೆಲಸ ಬಿಟ್ಟು ಎರಡು ಅಸಿಟಿಲೀನ್ ತುದಿಗಳನ್ನೇ ಪರಸ್ಪರ ಜೋಡಿಸಿಬಿಡುತ್ತದೆ. ಇದು 1869ರಲ್ಲೇ ಗ್ಲೇಸರ್ ಕಂಡುಹಿಡಿದ ಕ್ರಿಯೆ. ನಿಮ್ಮ ಫ್ಲಾಸ್ಕಿನಲ್ಲಿ ಆಗುತ್ತಿರುವುದನ್ನು ಕಾಗದದ ಮೇಲೆ ಬರೆದು ನೋಡಿ: ಒಂದು ಕಡೆ ಸರಿಯಾಗಿ ಜೋಡಣೆಗೊಂಡು ಇನ್ನೊಂದು ಕಡೆ ಅಸಿಟಿಲೀನ್ ಬರಿದಾಗಿ ಉಳಿದ ಎರಡು ಅರ್ಧ ಅಣುಗಳು ಕೈಕೈ ಹಿಡಿದರೆ, ನಾಲ್ಕು ಉಂಗುರಗಳ ಉದ್ದನೆಯ ಅಣುವಾಗುತ್ತದೆ. ಅದರ ಎರಡೂ ತುದಿಗಳಲ್ಲಿ ನಿಮ್ಮ ಅಣುವಿನ ತುದಿಗಳೇ ಇರುತ್ತವೆ. ಆದ್ದರಿಂದಲೇ ಅದು ಕಾಲಮ್‌ನಲ್ಲಿ (ಮಿಶ್ರಣವನ್ನು ಹಾಯಿಸಿ ಶುದ್ಧಿ ಮಾಡುವ ಕೊಳವೆಯಲ್ಲಿ) ಬೇರ್ಪಡದೆ ಒತ್ತಿಗೇ ಓಡುತ್ತದೆ.

ದ್ರಾವಕದಲ್ಲಿ ಕರಗಿರುವ ಆಮ್ಲಜನಕವನ್ನು ಬಲೂನ್ ಹೊರಹಾಕುವುದಿಲ್ಲ. ದ್ರಾವಣವನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ನಿರ್ವಾತ ಎಳೆದು, ಪಂಪ್ ಕಡೆಯ ಕವಾಟ ಮುಚ್ಚಿ ಕರಗಲು ಬಿಡಿ. ಕರಗುವಾಗ ಸಣ್ಣ ಸಣ್ಣ ಗುಳ್ಳೆಗಳು ಏಳುವುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಹೀಗೆ ಮೂರು ಸುತ್ತು ಮಾಡಿದರೆ ಕೊನೆಯ ಸುತ್ತಿನಲ್ಲಿ ಗುಳ್ಳೆ ಬಹುತೇಕ ನಿಂತಿರುತ್ತದೆ. ದ್ರವ ಸಾರಜನಕ ಸಿಗದಿದ್ದರೆ, ಉದ್ದನೆಯ ಸೂಜಿಯನ್ನು ದ್ರಾವಣದ ತಳದವರೆಗೆ ಇಳಿಸಿ ಅರ್ಧ ಗಂಟೆ ಸಾರಜನಕ ಹಾಯಿಸಿ. ತಾಮ್ರದ ಅಯೊಡೈಡನ್ನು ಕಟ್ಟಕಡೆಗೆ ಹಾಕಿ.

ಕಂದು ಕೆಸರಿಗೆ ಕಾರಣ ಬೇರೆ. ಥಯೊಅಸಿಟೇಟ್ ಇರುವ ಕಡೆ ಟ್ರೈಈಥೈಲಮೀನ್‌ನಂಥ ಅಮೀನ್ ಹಾಕಿ ಬಿಸಿ ಮಾಡಿದರೆ ಅಸಿಟೈಲ್ ಹೊದಿಕೆ ಕಳಚಿಕೊಳ್ಳುತ್ತದೆ, ಬೆತ್ತಲಾದ ಗಂಧಕ ಪಲ್ಲೇಡಿಯಂಗೆ ಅಂಟಿ ಅದನ್ನು ಕೊಲ್ಲುತ್ತದೆ. ಈ ಬಗೆಯ ಅಣುಗಳನ್ನು ಮಾಡುವವರು ಡೈಐಸೊಪ್ರೊಪೈಲ್ ಈಥೈಲಮೀನ್, ಅಂದರೆ ಹ್ಯೂನಿಗ್ ಪ್ರತ್ಯಾಮ್ಲ ಬಳಸುವುದು ಇದಕ್ಕಾಗಿಯೇ. ಅದರ ಸಾರಜನಕದ ಸುತ್ತ ದಪ್ಪ ಗುಂಪುಗಳು ಮುತ್ತಿಕೊಂಡಿರುವುದರಿಂದ ಅದು ಅಸಿಟೈಲ್ ತನಕ ಸುಲಭವಾಗಿ ಹೋಗಲಾರದು.

ಪಲ್ಲೇಡಿಯಂ ಜೋಡಣೆಗಳಿಗೆ 2010ರಲ್ಲಿ ಹೆಕ್, ನೆಗಿಶಿ, ಸುಜುಕಿ ಮೂವರಿಗೆ ನೊಬೆಲ್ ಬಂದಾಗ ಸೊನೊಗಾಶಿರಾ ಅವರ ಹೆಸರು ಇರಲಿಲ್ಲವೆಂಬ ಬೇಸರ ನನಗೆ ಇಂದಿಗೂ ಹೋಗಿಲ್ಲ. ಅಣು ತಂತಿಗಳ ಇಡೀ ಲೋಕ ಅವರ ಕ್ರಿಯೆಯ ಮೇಲೆ ನಿಂತಿದೆ.

ಶರಾವತಿ_ಹಿನ್ನೀರು

ಮೇಲಿನವರು ತೇವಕ್ಕೆ ಪೂರ್ತಿ ಖುಲಾಸೆ ಕೊಟ್ಟಿದ್ದನ್ನು ನಾನು ಒಪ್ಪುವುದಿಲ್ಲ. ಅಯೊಡಿನ್ ಇರುವ ಥಯೊಅಸಿಟೇಟ್ ತುಂಡನ್ನು ಬ್ಯುಟೈಲ್ ಲಿಥಿಯಂ ದಾರಿಯಲ್ಲಿ ಮಾಡುವುದಾದರೆ, ಒಂದು ಹನಿ ನೀರು ಸಾಕು ಎಲ್ಲವನ್ನೂ ಕೆಡಿಸಲು. ಸಾಗರದಲ್ಲಿ ಜುಲೈ ತಿಂಗಳಲ್ಲಿ ಒಲೆಯಿಂದ ತೆಗೆದ ಗಾಜಿನ ಪಾತ್ರೆ ತಣ್ಣಗಾಗುವಷ್ಟರಲ್ಲೇ ಒಳಗೋಡೆಗೆ ತೇವ ಅಂಟಿಕೊಳ್ಳುತ್ತದೆ. ಸಾರಜನಕ ಹಾಯಿಸುತ್ತಲೇ ಆರಿಸಬೇಕು.

ಕರೆಂಟಿನ ಬಗ್ಗೆಯೂ ಎಚ್ಚರ ಹೇಳುತ್ತೇನೆ. ನಾನು ಓದುತ್ತಿದ್ದ ಕಾಲದಲ್ಲಿ, ಹೀಗೆಯೇ ಒಂದು ಗಂಧಕದ ಸಂಯುಕ್ತವನ್ನು ನಿರ್ವಾತದಲ್ಲಿ ಒಣಗಲಿಟ್ಟು ಊಟಕ್ಕೆ ಹೋಗಿದ್ದೆ. ಮರ ಬಿದ್ದು ಲೈನ್ ಹೋಯಿತು, ಪಂಪ್ ನಿಂತಿತು, ಪಂಪಿನ ಎಣ್ಣೆ ಕೊಳವೆಯಲ್ಲಿ ಹಿಂದಕ್ಕೆ ಏರಿ ಫ್ಲಾಸ್ಕಿಗೆ ಇಳಿದಿತ್ತು. ಆರು ವಾರಗಳ ಕೆಲಸ ಕಪ್ಪೆಣ್ಣೆಯಲ್ಲಿ ಮುಳುಗಿತ್ತು. ಪಂಪಿಗೂ ಫ್ಲಾಸ್ಕಿಗೂ ನಡುವೆ ಟ್ರ್ಯಾಪ್ ಇರಲಿ, ನೀವು ಎದ್ದು ಹೋಗುವಾಗ ಕವಾಟ ಮುಚ್ಚಿರಲಿ.

ಆರ್‌ಬಿ_ಫ್ಲಾಸ್ಕ್

ಲಿಥಿಯಂ ಹಂತದ ವಿಷಯದಲ್ಲಿ ನೀವು ಹೇಳಿದ್ದು ಸರಿ. ನಾನು ಜೋಡಣೆಯ ಹಂತವನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಬರೆದೆ.

ಅಳತೆ_ಮೇಜು

ಆ ಎರಡನೆಯ ಚುಕ್ಕೆಯ ಬಗ್ಗೆ ಅಳೆಯುವವನಾಗಿ ನಾನು ಮಾತನಾಡಬೇಕು, ಏಕೆಂದರೆ ತಂದೆಯವರ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ತೋಟಕ್ಕೆ ಹೋಗುವಾಗ ಹಳ್ಳಕ್ಕೆ ಅಡಿಕೆ ಮರದ ಸಂಕ ಹಾಕಿರುತ್ತಾರಲ್ಲ, ನಾವು ಅಳೆಯುವುದು ಅಂಥ ಒಂದು ಸಂಕವನ್ನು. ಚಿನ್ನದ ಚೂಪು ತುದಿಯನ್ನು ಚಿನ್ನದ ಹಾಳೆಗೆ ಒತ್ತಿ ಮೆಲ್ಲಗೆ ಹಿಂದಕ್ಕೆ ಎಳೆಯುತ್ತೇವೆ. ಎಳೆದಂತೆಲ್ಲ ಚಿನ್ನದ ಕತ್ತು ಸಪೂರವಾಗುತ್ತ ಬಂದು ಒಂದು ಪರಮಾಣುವಿನ ದಪ್ಪಕ್ಕೆ ನಿಲ್ಲುತ್ತದೆ; ಆಗ ವಾಹಕತೆ ಸುಮಾರು 77.5 ಮೈಕ್ರೊಸೀಮೆನ್ಸ್, ರೋಧದ ಲೆಕ್ಕದಲ್ಲಿ 12.9 ಕಿಲೊಓಮ್. ಅದೂ ಕಡಿದ ಕೂಡಲೇ ದಡ ಎರಡಾಗುತ್ತದೆ. ಆ ಕ್ಷಣದಲ್ಲಿ ದ್ರಾವಣದಲ್ಲಿದ್ದ ಅಣುವೊಂದು ಎರಡೂ ದಡಗಳನ್ನು ಗಂಧಕದ ಕೈಗಳಿಂದ ಹಿಡಿದುಕೊಂಡರೆ, ವಾಹಕತೆಯ ಗೆರೆ ಪಾತಾಳಕ್ಕೆ ಬೀಳದೆ ಕೊಂಚ ದೂರ ಸಮತಟ್ಟಾಗಿ ಓಡಿ ಆಮೇಲೆ ಬೀಳುತ್ತದೆ. 2003ರಲ್ಲಿ ಶೂ ಮತ್ತು ಟಾವೊ ಈ ವಿಧಾನವನ್ನು ತೋರಿಸಿದ ಮೇಲೆ ಒಂದೇ ದಿನದಲ್ಲಿ ಸಾವಿರಾರು ಸಲ ಕಡಿದು ಕೂಡಿಸಿ, ಎಲ್ಲ ಗೆರೆಗಳನ್ನೂ ಒಟ್ಟು ಹಾಕಿ ಎಲ್ಲಿ ದಿಬ್ಬ ಏಳುತ್ತದೆ ಎಂದು ನೋಡುವುದು ಸಾಧ್ಯವಾಯಿತು.

ಈಗ ನಿಮ್ಮ ಎರಡನೆಯ ಚುಕ್ಕೆಯನ್ನು ನೆನೆಯಿರಿ. ಅದರ ಎರಡು ತುದಿಗಳಲ್ಲೂ ಗಂಧಕವಿದೆ. ಅದು ಸುಮ್ಮನೆ ಕೂರುವ ಕಶ್ಮಲವಲ್ಲ. ಅದೂ ಎರಡು ದಡಗಳನ್ನು ಹಿಡಿಯುತ್ತದೆ, ಉದ್ದ ಹೆಚ್ಚಾದ್ದರಿಂದ ಬೇರೆಡೆಗೆ, ಕಡಿಮೆ ವಾಹಕತೆಯ ಕಡೆಗೆ, ತನ್ನದೇ ದಿಬ್ಬ ಎಬ್ಬಿಸುತ್ತದೆ. ನಾನು ಆ ದಿಬ್ಬವನ್ನು ಕಂಡು "ಈ ಅಣು ಎರಡು ಸ್ಥಿತಿಗಳ ನಡುವೆ ಸ್ವಿಚ್ ಆಗುತ್ತಿದೆ" ಎಂದು ಪ್ರಬಂಧ ಬರೆದರೆ, ಆ ಸುಳ್ಳಿನ ಮೂಲ ನಿಮ್ಮ ಕಾಲಮ್‌ನಲ್ಲಿರುತ್ತದೆ. ಔಷಧದ ಮಾತ್ರೆಯಲ್ಲಿ ಶೇ. 1ರಷ್ಟು ಕಶ್ಮಲವಿದ್ದರೆ ಅದು ಶೇ. 1ರಷ್ಟೇ. ನಮ್ಮಲ್ಲಿ ಒಂದೊಂದೇ ಅಣುವನ್ನು ಹಿಡಿದು ಕೇಳುವುದರಿಂದ ಆ ನೂರರಲ್ಲಿ ಒಂದು ಅಣುವೂ ಪೂರ್ಣ ಸಾಕ್ಷಿ ಹೇಳುತ್ತದೆ.

ನಾನು ಉಪಕರಣದ ಮನುಷ್ಯ. ಆದರೂ ಒಪ್ಪಿಕೊಂಡು ಹೇಳುತ್ತೇನೆ: ಸಾಧನ ಏನು ಮಾಡಬೇಕೆಂಬುದು ಫ್ಲಾಸ್ಕಿನಲ್ಲೇ ತೀರ್ಮಾನವಾಗಿರುತ್ತದೆ. ನಾವು ಅದನ್ನು ಓದಿ ಹೇಳುತ್ತೇವೆ.

ಗಾಜನೂರಿನವ

ಸಂಕದ ಹೋಲಿಕೆ ಚೆನ್ನಾಗಿದೆ, ಆದರೆ ಅದನ್ನು ಬಹಳ ದೂರ ಎಳೆಯಬಾರದು. ಜನ ಸಂಕದ ಮೇಲೆ ಹೆಜ್ಜೆಯಿಟ್ಟು ದಾಟುವಂತೆ ಎಲೆಕ್ಟ್ರಾನ್ ಅಣುವಿನ ಮೇಲೆ ನಡೆದು ಹೋಗುವುದಿಲ್ಲ. ಚಿಕ್ಕ ಅಣುಗಳಲ್ಲಿ ಅದು ಅಲೆಯಾಗಿ, ಸುರಂಗಿಸುವ ಮೂಲಕ ಆಚೆ ದಡದಲ್ಲಿ ಮೂಡುತ್ತದೆ.

ಅಳತೆ_ಮೇಜು

ಒಪ್ಪಿದೆ, ಮತ್ತು ರಸಾಯನಶಾಸ್ತ್ರಜ್ಞರ ಕೈಗೆ ಅಧಿಕಾರ ಬರುವುದು ಆ ಅಲೆಯ ಸ್ವಭಾವದಿಂದಲೇ. ಏಕಬಂಧಗಳ ಆಲ್ಕೇನ್ ಸರಪಳಿಗೆ ಒಂದೊಂದು ಮೆಥಿಲೀನ್ ಕೊಂಡಿ ಸೇರಿಸಿದಾಗಲೂ ವಾಹಕತೆ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಉಂಗುರ ಮತ್ತು ತ್ರಿಬಂಧಗಳ ಸಾಲಿನಲ್ಲಿ ಅಷ್ಟೇ ಉದ್ದಕ್ಕೆ ಇಳಿತ ಬಹಳ ಕಡಿಮೆ. ನಡುವಿನ ಉಂಗುರದಲ್ಲಿ ಕೊಂಡಿಗಳನ್ನು ಪ್ಯಾರಾ (ಎದುರುಬದುರು) ಬದಲು ಮೆಟಾ (ಒಂದು ಬಿಟ್ಟು ಒಂದು) ಸ್ಥಾನಕ್ಕೆ ಸರಿಸಿದರೆ, ಪರಮಾಣುಗಳ ಲೆಕ್ಕ ಒಂದೇ ಆಗಿದ್ದರೂ ಎರಡು ದಾರಿಗಳ ಅಲೆಗಳು ಒಂದನ್ನೊಂದು ಅಳಿಸಿ ವಾಹಕತೆ ಹತ್ತಾರು ಪಟ್ಟು ಕುಗ್ಗುತ್ತದೆ. ಸಂಕದ ಉದ್ದ ನೋಡಿ ಇದನ್ನು ಊಹಿಸಲು ಬರುವುದಿಲ್ಲ.

ನನಗೆ ಬಹಳ ಪ್ರಿಯವಾದ ಪ್ರಯೋಗ 2006ರದ್ದು. ಲತಾ ವೆಂಕಟರಾಮನ್ ಮತ್ತು ಸಂಗಡಿಗರು ಎರಡು ಬೆಂಜೀನ್ ಉಂಗುರಗಳನ್ನು ಸೇರಿಸಿದ ಬೈಫಿನೈಲ್ ಅಣುಗಳ ಒಂದು ಸರಣಿಯನ್ನೇ ತೆಗೆದುಕೊಂಡರು. ಒಂದರಲ್ಲಿ ಎರಡು ಉಂಗುರಗಳನ್ನು ಇಂಗಾಲದ ಕೊಂಡಿ ಹಾಕಿ ಚಪ್ಪಟೆಯಾಗಿ ಬಿಗಿದಿದ್ದರು, ಮತ್ತೊಂದರಲ್ಲಿ ಪಕ್ಕದಲ್ಲಿ ಗುಂಪುಗಳನ್ನು ತುರುಕಿ ತಿರುಚಿದ್ದರು. ತಿರುಚಿದ ಕೋನ ಹೆಚ್ಚಿದಂತೆ ಆ ಕೋನದ ಕೊಸೈನ್ ವರ್ಗಕ್ಕೆ ಸರಿಯಾಗಿ ವಾಹಕತೆ ಇಳಿಯಿತು. ಪುಸ್ತಕದಲ್ಲಿದ್ದ ಕ್ವಾಂಟಂ ಸೂತ್ರ ಒಂದೊಂದೇ ಅಣುವಿನಲ್ಲಿ ಕಣ್ಣಿಗೆ ಕಂಡಿತು. ಅಂಥ ಸರಣಿಯ ಅಣುಗಳು ಕೈಯಲ್ಲಿ ಇಲ್ಲದೇ ಹೋಗಿದ್ದರೆ ಆ ಗ್ರಾಫ್ ಎಲ್ಲಿಂದ ಬರಬೇಕಿತ್ತು?

ಚಿಪ್_ಕೆಲಸದವ

ನಾನು ಭದ್ರಾವತಿಯವನು, ಅರೆವಾಹಕ ಉದ್ಯಮದಲ್ಲಿದ್ದೇನೆ. ಹುಡುಗಿಯ ಬದುಕಿನ ಐದು ವರ್ಷಗಳ ಪ್ರಶ್ನೆಯಾದ್ದರಿಂದ ಎದುರು ವಾದವನ್ನೂ ಯಾರಾದರೂ ಹೇಳಬೇಕು.

ಎಲೆಕ್ಟ್ರಾನ್ ಕೊಡುವ ಭಾಗ, ನಡುವೆ ಸೇತು, ಎಲೆಕ್ಟ್ರಾನ್ ಪಡೆಯುವ ಭಾಗ ಇರುವ ಒಂದೇ ಅಣು ಡಯೋಡ್ ಆಗಬಲ್ಲದು ಎಂದು ಅವಿರಾಮ್ ಮತ್ತು ರಾಟ್ನರ್ ಬರೆದದ್ದು 1974ರಲ್ಲಿ. ಐವತ್ತು ವರ್ಷ ಕಳೆದರೂ ಒಂಟಿ ಅಣುವಿನ ಡಯೋಡ್ ಇರುವ ಯಾವ ವಸ್ತುವೂ ಅಂಗಡಿಯಲ್ಲಿ ಸಿಗುವುದಿಲ್ಲ. ಇತ್ತ ಸಿಲಿಕಾನ್ ಚಿಪ್ ಒಂದರಲ್ಲಿ 10,000 ಕೋಟಿಗೂ ಮೀರಿ ಟ್ರಾನ್ಸಿಸ್ಟರ್‌ಗಳು ವರ್ಷಗಟ್ಟಲೆ ಬಿಸಿಯಲ್ಲಿ ದುಡಿಯುತ್ತವೆ. 2007ರಲ್ಲಿ ಹೀತ್ ಮತ್ತು ಸ್ಟಾಡಾರ್ಟ್ ಅವರ ತಂಡ, ಕಡ್ಡಿಗೆ ಉಂಗುರ ಪೋಣಿಸಿದಂತಿರುವ ರೋಟಾಕ್ಸೇನ್ ಅಣುಗಳಿಂದ 1,60,000 ಬಿಟ್‌ಗಳ ಮೆಮೊರಿ ಮಾಡಿತು. ನಿಜಕ್ಕೂ ಅದ್ಭುತ ಕೆಲಸ. ಆದರೆ ಪರೀಕ್ಷಿಸಿದ ಬಿಟ್‌ಗಳಲ್ಲಿ ಹೆಚ್ಚಿನವು ದೋಷವುಳ್ಳವಾಗಿದ್ದವು, ಸರಿಯಿದ್ದವೂ ಕೆಲವೇ ಸುತ್ತುಗಳಲ್ಲಿ ಸೋತವು.

ಅಣುಗಳೆಲ್ಲ ಒಂದೇ ಅಚ್ಚಿನವು ಎಂದು ನೀವು ಹೆಮ್ಮೆಪಡುತ್ತೀರಿ. ಅಣು ಒಂದೇ ಇರಬಹುದು, ಅದು ಚಿನ್ನವನ್ನು ಹಿಡಿಯುವ ಜಾಗ ಪ್ರತಿ ಸಲವೂ ಬೇರೆ. ಅದಕ್ಕಾಗಿಯೇ ನಿಮಗೆ ಸಾವಿರಾರು ಸಲ ಅಳೆದು ದಿಬ್ಬ ಹುಡುಕಬೇಕಾಗುತ್ತದೆ. ನಾನು ಸಾವಿರ ಸಲ ಅಳೆದು ಸರಾಸರಿ ತೆಗೆಯುವ ಟ್ರಾನ್ಸಿಸ್ಟರನ್ನು ಗಿರಾಕಿಗೆ ಕೊಡಲಾರೆ.

ನಿವೃತ್ತ_ಮೇಷ್ಟ್ರು

ಚಿಪ್ ಕೆಲಸದವರ ಮಾತಿನಲ್ಲಿ ತೂಕವಿದೆ. ನಾನು ಅದಕ್ಕೆ ಇನ್ನೂ ಒಂದು ತೂಕ ಸೇರಿಸುತ್ತೇನೆ, ಆದರೆ ನನ್ನ ತೀರ್ಮಾನ ಬೇರೆ.

ಈ ಕ್ಷೇತ್ರದ ಆರಂಭದ ವರ್ಷಗಳಲ್ಲಿ ಲೋಹದ ಎರಡು ಪದರಗಳ ನಡುವೆ ಅಣುಗಳ ಪೊರೆಯಿಟ್ಟು, ಸ್ವಿಚ್ ಕೆಲಸ ಮಾಡಿತೆಂದು ವರದಿಗಳು ಬಂದವು. ಆಮೇಲೆ, ಸ್ವಿಚ್ ಆಗಲು ಯಾವ ಕಾರಣವೂ ಇಲ್ಲದ ಸಾದಾ ಕೊಬ್ಬಿನಾಮ್ಲದ ಪೊರೆಯನ್ನು ಇಟ್ಟರೂ ಅದೇ ವರ್ತನೆ ಕಂಡಿತು. ಅಂದರೆ ಆ ಸಾಧನಗಳಲ್ಲಿ ಸ್ವಿಚ್ ಆಗುತ್ತಿದ್ದದ್ದು ಅಣುವಲ್ಲ, ಲೋಹದ ಪದರಗಳ ಕಡೆಯ ಬದಲಾವಣೆ. ಇದು ಪ್ರಾಮಾಣಿಕರು ಮಾಡಿದ ತಪ್ಪು, ಪ್ರಾಮಾಣಿಕರೇ ತಿದ್ದಿದರು.

ಇನ್ನೊಂದು ಪ್ರಾಮಾಣಿಕವಲ್ಲ. ಬೆಲ್ ಲ್ಯಾಬ್ಸ್‌ನ ಯಾನ್ ಹೆಂಡ್ರಿಕ್ ಶ್ಯೋನ್ 2001ರಲ್ಲಿ ಅಣುಗಳ ಒಂದೇ ಪದರದಿಂದ ಟ್ರಾನ್ಸಿಸ್ಟರ್ ಮಾಡಿದೆನೆಂದು ಪ್ರಕಟಿಸಿದ. ಬೇರೆ ಬೇರೆ ಪ್ರಯೋಗಗಳ ಗ್ರಾಫ್‌ಗಳಲ್ಲಿ ಒಂದೇ ಏರಿಳಿತ, ಒಂದೇ ಗದ್ದಲದ ಗೆರೆ ಇರುವುದನ್ನು ಇತರರು ಗುರುತಿಸಿದರು. 2002ರ ಸೆಪ್ಟೆಂಬರ್‌ನಲ್ಲಿ ತನಿಖಾ ಸಮಿತಿ 24 ಆರೋಪಗಳಲ್ಲಿ 16 ಸಾಬೀತಾಗಿವೆ ಎಂದು ಹೇಳಿತು. ಕೇಳಿದಾಗ ತೋರಿಸಲು ಮೂಲ ದಾಖಲೆಗಳಾಗಲಿ ಕೆಲಸ ಮಾಡುವ ಸಾಧನಗಳಾಗಲಿ ಇರಲಿಲ್ಲ. ನನ್ನ ತರಗತಿಯಲ್ಲಿ ಇದನ್ನು ಪ್ರತಿ ವರ್ಷ ಹೇಳುತ್ತಿದ್ದೆ.

ಮಗಳೇ, ಇವೆರಡನ್ನೂ ಕೇಳಿ ನೀನು ಹಿಂಜರಿಯಬಾರದು. ಅಣು ಯಾವುದು, ಶುದ್ಧವೇ, ನಿಜಕ್ಕೂ ಎರಡು ದಡಗಳ ನಡುವೆ ಇದೆಯೇ ಎಂಬ ಪ್ರಶ್ನೆಯನ್ನು ಕೊನೆಗಿಟ್ಟುಕೊಂಡದ್ದರಿಂದ ಈ ಕ್ಷೇತ್ರ ಮುಗ್ಗರಿಸಿತು. ಒಂದು ಅಣು ಮಾಡಿದರೆ ಅದರ ಪಕ್ಕದಲ್ಲೇ, ಕೆಲಸ ಮಾಡಬಾರದ ಇನ್ನೊಂದು ಅಣುವನ್ನೂ ಮಾಡಿ ಕೊಡುವವರು ಬೇಕು. ಅದನ್ನು ರಸಾಯನಶಾಸ್ತ್ರಜ್ಞರಲ್ಲದೆ ಬೇರೆ ಯಾರೂ ಮಾಡಲಾರರು. ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಪರೀಕ್ಷೆಯ ಮೂಲ ಫೈಲ್‌ಗಳನ್ನು ಎಂದಿಗೂ ಅಳಿಸಬೇಡ.

ಬೆಟ್ಟೆ_ರಾಶಿ

ನಾನು ಬಿ.ಎಸ್‌ಸಿ. ಮುಗಿಸಿ ತೋಟ ನೋಡಿಕೊಳ್ಳುತ್ತಿರುವವನು, ಓದಿದ್ದು ಸ್ವಲ್ಪ ನೆನಪಿದೆ. ಅಡಿಕೆ ಬೇಯಿಸಿದ ಚೊಗರಿನಲ್ಲಿರುವ ಟ್ಯಾನಿನ್ ಕೂಡ ಬೆಂಜೀನ್ ಉಂಗುರಗಳದ್ದೇ ಅಲ್ಲವೇ? ನಮ್ಮಲ್ಲಿ ಸುಗ್ಗಿಯಲ್ಲಿ ಹಂಡೆಗಟ್ಟಲೆ ಸಿಗುತ್ತದೆ. ಅದರಿಂದ ಇಂಥ ಅಣು ತಂತಿ ಮಾಡಲು ಬರುವುದಿಲ್ಲವೇ?

ಆರ್‌ಬಿ_ಫ್ಲಾಸ್ಕ್

ಒಳ್ಳೆಯ ಪ್ರಶ್ನೆ ಅಣ್ಣ, ಆದರೆ ಬರುವುದಿಲ್ಲ. ಅಡಿಕೆಯ ಟ್ಯಾನಿನ್‌ನಲ್ಲಿ ಉಂಗುರಗಳು ನಿಜಕ್ಕೂ ಇವೆ, ಆದರೆ ಅವುಗಳನ್ನು ಸೇರಿಸುವ ಜಾಗದಲ್ಲಿ ಬರೀ ಏಕಬಂಧಗಳಿರುವ ಇಂಗಾಲ ಕೂತಿದೆ. ಅಲ್ಲಿಗೆ ಎಲೆಕ್ಟ್ರಾನ್‌ಗಳ ದಾರಿ ತುಂಡಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಚೊಗರಿನಲ್ಲಿ ಎರಡು ತುಂಡಿನವು, ಐದು ತುಂಡಿನವು, ಹತ್ತು ತುಂಡಿನವು ಎಲ್ಲ ಬೆರೆತಿರುತ್ತವೆ. ನಮಗೆ ಒಂದೇ ಉದ್ದದ್ದು, ಒಂದೇ ಆಕಾರದ್ದು ಬೇಕು.

ಬೆಟ್ಟೆ_ರಾಶಿ

ಹಾಗಾದರೆ ತಿಳಿಯಿತು. ಶಿವಮೊಗ್ಗದ ಮಂಡಿಯಲ್ಲಿ ಬೆಟ್ಟೆ ಮೂಟೆಯೊಳಗೆ ನಾಲ್ಕು ಗೊರಬಲು ಕಂಡರೆ ಇಡೀ ಮೂಟೆಯ ದರ ಇಳಿಸುತ್ತಾರೆ. ಆರಿಸುವ ಹೆಂಗಸರ ಕಣ್ಣು ಕೈ ಚುರುಕಿದ್ದರೆ ಮಾತ್ರ ಬೆಳೆದವನಿಗೆ ಬೆಲೆ. ತಂಗಿ ಹೇಳುವ ಕಾಲಮ್ ಅನ್ನುವುದು ಅದೇ ಕೆಲಸವೆಂದು ಅವರ ಅಪ್ಪಯ್ಯನಿಗೆ ಹೇಳಬಹುದು.

ಹೊಸ_ಫೆಲೊ

ಹಣದ ಮಾತೂ ಬರಲಿ. ಜೆಆರ್‌ಎಫ್ (ಪಿಎಚ್‌.ಡಿ. ಮಾಡುವವರಿಗೆ ಸಿಗುವ ಫೆಲೊಶಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಮನೆಯವರಿಗೆ ಅದೂ ಗೊತ್ತಿರಬೇಕು.

ಆರ್‌ಬಿ_ಫ್ಲಾಸ್ಕ್

ಅಣು ಎಲೆಕ್ಟ್ರಾನಿಕ್ಸ್ ಕೈಹಿಡಿಯದಿದ್ದರೂ ಪಲ್ಲೇಡಿಯಂ ಜೋಡಣೆ, ಗಾಳಿಯಿಲ್ಲದೆ ಕೆಲಸ ಮಾಡುವ ಶಿಸ್ತು, ಶುದ್ಧೀಕರಣ ಬಲ್ಲವರನ್ನು ಔಷಧ ಉದ್ಯಮ ಬಿಡುವುದಿಲ್ಲ. ಇದನ್ನು ನಾನು ದಿನವೂ ಕಾಣುತ್ತಿದ್ದೇನೆ.

ಶರಾವತಿ_ಹಿನ್ನೀರು

ಅಂಗಡಿಯಲ್ಲಿ ಏನೂ ಸಿಗುವುದಿಲ್ಲ ಎಂದದ್ದಕ್ಕೆ ನನ್ನ ತಕರಾರಿದೆ. ಬಹುತೇಕರ ಜೇಬಿನಲ್ಲಿರುವ ಓಎಲ್‌ಇಡಿ ಪರದೆ ಸಾವಯವ ಅಣುಗಳಿಂದಲೇ ಬೆಳಗುತ್ತದೆ. 1987ರಲ್ಲಿ ಟ್ಯಾಂಗ್ ಮತ್ತು ವಾನ್ ಸ್ಲೈಕ್ ಅಲ್ಯುಮಿನಿಯಂ ಕ್ವಿನೊಲಿನ್ ಸಂಕೀರ್ಣದಿಂದ ಬೆಳಕು ತೆಗೆದಾಗಲೂ ಇದೇ ಪ್ರಶ್ನೆಯನ್ನು ಯಾರೋ ಕೇಳಿರುತ್ತಾರೆ.

ಚಿಪ್_ಕೆಲಸದವ

ಅದು ಒಂಟಿ ಅಣುವಲ್ಲ, ಕೋಟ್ಯಂತರ ಅಣುಗಳ ಪೊರೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಹುಡುಗಿಗೆ ತಪ್ಪು ಚಿತ್ರ ಸಿಗುತ್ತದೆ.

ಅಳತೆ_ಮೇಜು

ವ್ಯತ್ಯಾಸ ಸರಿ. ಆದರೆ ಒಂಟಿ ಅಣುವಿನಲ್ಲಿ ಕಲಿತದ್ದನ್ನು ಪೊರೆಯಲ್ಲಿ ಬಳಸುವ ದಾರಿಯೇ ಈಗ ಹೆಚ್ಚು ಫಲ ಕೊಡುತ್ತಿದೆ ಎಂಬುದು ನನ್ನ ಅಭಿಪ್ರಾಯ, ಮತ್ತು ಅದಕ್ಕೆ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶ್ರೀತೋಷ್ ಗೋಸ್ವಾಮಿ ಅವರ ತಂಡ 2024ರಲ್ಲಿ ಪ್ರಕಟಿಸಿದ ಮೆಮ್ರಿಸ್ಟರ್ (ಹಿಂದೆ ಹರಿದ ವಿದ್ಯುತ್ತನ್ನು ನೆನಪಿಡುವ ರೋಧಕ), ರುಥೇನಿಯಂ ಲೋಹದ ಸುತ್ತ ಅಜೋ ಗುಂಪಿನ ಲಿಗಾಂಡ್‌ಗಳು, ಅಂದರೆ ಲೋಹವನ್ನು ಹಿಡಿದುಕೊಳ್ಳುವ ಅಣುಗಳು, ಇರುವ ಒಂದು ಸಂಕೀರ್ಣದ ಪೊರೆಯಿಂದ ಆದದ್ದು. ಸಾದಾ ಡಿಜಿಟಲ್ ಬಿಟ್‌ಗೆ ಎರಡೇ ಸ್ಥಿತಿ. ಇಲ್ಲಿ 16,520 ವಾಹಕತೆಯ ಮಟ್ಟಗಳನ್ನು ಬರೆದು ಓದಿದರು. ಲಿಗಾಂಡ್ ಎಲೆಕ್ಟ್ರಾನ್ ಪಡೆದಂತೆ, ಜೊತೆಗಿರುವ ಅಯಾನುಗಳು ಜಾಗ ಬದಲಿಸಿದಂತೆ ಪೊರೆ ಒಂದು ಮಟ್ಟದಿಂದ ಇನ್ನೊಂದಕ್ಕೆ ಏರುತ್ತದೆ. ಆ ಅಣುಗಳನ್ನು ರೂಪಿಸಿದವರು ಶ್ರೀಬ್ರತ ಗೋಸ್ವಾಮಿ, ಸಂಶ್ಲೇಷಣೆಯ ರಸಾಯನಶಾಸ್ತ್ರಜ್ಞರು.

ಹಾಗೆಯೇ 1997ರಲ್ಲಿ ಎರಡು ಚಿನ್ನದ ತುದಿಗಳ ನಡುವೆ ಬೆಂಜೀನ್ ಡೈಥಯಾಲ್ ಅಣುವಿನ ವಾಹಕತೆಯನ್ನು ಮೊದಲು ವರದಿ ಮಾಡಿದ ಪ್ರಬಂಧದಲ್ಲಿ ಭೌತವಿಜ್ಞಾನಿ ಮಾರ್ಕ್ ರೀಡ್ ಜೊತೆಗೆ ರಸಾಯನಶಾಸ್ತ್ರಜ್ಞ ಜೇಮ್ಸ್ ಟೂರ್ ಹೆಸರಿದೆ. ನೀವು ಸೇರುವ ಮುನ್ನ ಮಾರ್ಗದರ್ಶಕರನ್ನು ನೇರವಾಗಿ ಕೇಳಿ: ಅಣುವಿನ ವಿನ್ಯಾಸ ಯಾರದು, ಅಳೆಯುವ ಕೋಣೆಗೆ ನನಗೂ ಪ್ರವೇಶವಿದೆಯೇ, ಪ್ರಬಂಧದಲ್ಲಿ ಹೆಸರಿನ ಕ್ರಮ ಹೇಗೆ. ಬರೀ ಪುಡಿ ಕಳಿಸುವ ವ್ಯವಸ್ಥೆಯಾದರೆ ನಿಮ್ಮ ತಂದೆಯವರ ಆತಂಕ ನ್ಯಾಯವಾದದ್ದೇ.

ಚಿಪ್_ಕೆಲಸದವ

ಈ ಕೊನೆಯ ಮಾತನ್ನು ನಾನು ಪೂರ್ತಿ ಅನುಮೋದಿಸುತ್ತೇನೆ. ಆ ಮೆಮ್ರಿಸ್ಟರ್ ಕೆಲಸವನ್ನು ನಾನೂ ಓದಿದ್ದೇನೆ, ಅದು ನಮ್ಮ ಉದ್ಯಮದವರೂ ಗಮನಿಸಬೇಕಾದದ್ದು. ಒಂಟಿ ಅಣುವಿನ ಟ್ರಾನ್ಸಿಸ್ಟರ್ ಬಗ್ಗೆ ಮಾತ್ರ ನನ್ನ ಸಂಶಯ ಹಾಗೆಯೇ ಇದೆ.

ತುಂಗಾದಡ

ಮೂರು ವಾರ ಬರೆಯಲಾಗಲಿಲ್ಲ, ಕ್ಷಮಿಸಿ. ಗುಡ್ಡ ಜರಿದು ನಮ್ಮ ಬಸ್ಸಿನ ದಾರಿ ಮುಚ್ಚಿತ್ತು.

ಆರ್‌ಬಿ ಅಣ್ಣ ಹೇಳಿದಂತೆ ಹ್ಯೂನಿಗ್ ಪ್ರತ್ಯಾಮ್ಲ ತೆಗೆದುಕೊಂಡೆ. ದ್ರವ ಸಾರಜನಕ ಸಿಗಲಿಲ್ಲ, ಉದ್ದ ಸೂಜಿಯಲ್ಲಿ ನಲವತ್ತು ನಿಮಿಷ ಸಾರಜನಕ ಹಾಯಿಸಿದೆ, ತಾಮ್ರವನ್ನು ಕೊನೆಗೆ ಹಾಕಿದೆ. ದ್ರಾವಣ ಕಪ್ಪಾಗದೆ ಜೇನಿನ ಬಣ್ಣದಲ್ಲೇ ಉಳಿಯಿತು. ಟಿಎಲ್‌ಸಿಯಲ್ಲಿ ಒತ್ತಿನ ಚುಕ್ಕೆ ಇನ್ನೂ ಇತ್ತು, ಆದರೆ ಕಂಡೂ ಕಾಣದಷ್ಟು. ಕಾಲಮ್ ನಿಧಾನವಾಗಿ ಹಾಯಿಸಿ, ನಡುವಿನ ಕೊಳವೆಗಳನ್ನಷ್ಟೇ ತೆಗೆದುಕೊಂಡು, ಆಮೇಲೆ ಮರುಸ್ಫಟಿಕೀಕರಣ ಮಾಡಿದೆ. ಇಳುವರಿ ಶೇ. 52. ಎನ್‌ಎಂಆರ್‌ನಲ್ಲಿ ಅಸಿಟೈಲ್ ಮೀಥೈಲ್‌ನ ಆರು ಜಲಜನಕಗಳು 2.44ರಲ್ಲಿ ಒಂದೇ ಗೆರೆಯಾಗಿ, ನಡುವಿನ ಉಂಗುರದ ನಾಲ್ಕೂ 7.5ರ ಹತ್ತಿರ ಒಂದೇ ಗೆರೆಯಾಗಿ ಬಂದಿವೆ. ಹೊರಗಿನ ಎರಡು ಉಂಗುರಗಳ ಗೆರೆಗಳನ್ನು ಬಿಟ್ಟರೆ ಬೇರೆ ಗೆರೆ ಇಲ್ಲ.

ಸೀಸೆಯನ್ನು ಮನೆಗೆ ತರುವಂತಿಲ್ಲವಾದ್ದರಿಂದ ಫೋಟೊ ತೋರಿಸಿದೆ. ಪುಡಿ ನಸುಹಳದಿ ಬಣ್ಣದ್ದು. ಅದರ ಒಂದು ಮಿಲಿಗ್ರಾಂನಲ್ಲಿ ಸುಮಾರು 14,000 ಕೋಟಿ ಕೋಟಿ ಸಂಕಗಳಿವೆ, ಒಂದೊಂದೂ ಗಂಧಕದಿಂದ ಗಂಧಕಕ್ಕೆ ಎರಡು ನ್ಯಾನೊಮೀಟರ್ ಉದ್ದ, ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಬೇರೆಯಲ್ಲ ಎಂದು ಹೇಳಿದೆ. ಅಪ್ಪಯ್ಯ ಬಹಳ ಹೊತ್ತು ನೋಡಿ, ಎರಡನೆಯ ಚುಕ್ಕೆಯನ್ನು ಹೇಗೆ ತೆಗೆದೆ ಎಂದು ಕೇಳಿದರು. ಅಷ್ಟನ್ನು ವಿವರಿಸಲು ರಾತ್ರಿ ಊಟ ತಡವಾಯಿತು.

ಮಾರ್ಗದರ್ಶಕರಿಗೆ ಮೂರೂ ಪ್ರಶ್ನೆಗಳನ್ನು ಬರೆದು ಕಳಿಸಿದ್ದೇನೆ. ಮೊದಲ ಎರಡಕ್ಕೆ ಒಳ್ಳೆಯ ಉತ್ತರ ಬಂದಿದೆ, ಮೂರನೆಯದನ್ನು ಭೇಟಿಯಲ್ಲಿ ಮಾತನಾಡೋಣ ಎಂದಿದ್ದಾರೆ.

ನಿವೃತ್ತ_ಮೇಷ್ಟ್ರು

ಮೆಟಾ ಅಣುವನ್ನೂ ಮಾಡು ಮಗಳೇ. ಅದೇ ಕ್ರಿಯೆ, ಅದೇ ಕಾಲಮ್. ಎರಡನ್ನೂ ಒಟ್ಟಿಗೆ ಕಳಿಸು.

ಅಳತೆ_ಮೇಜು

ಮಾರ್ಗದರ್ಶಕರ ಒಪ್ಪಿಗೆ ಪಡೆದು ಕಳಿಸಿದರೆ ನಾನು ಅಳೆದು ಕೊಡುತ್ತೇನೆ, ನೀವೂ ಬಂದು ನೋಡಬಹುದು. ಐದು ಮಿಲಿಗ್ರಾಂ ಧಾರಾಳ. ಅಸಿಟೈಲ್ ಹೊದಿಕೆ ತೆಗೆಯಬೇಡಿ. ತೆಗೆದರೆ ದಾರಿಯಲ್ಲೇ ಗಂಧಕ ಗಂಧಕ ಸೇರಿ ಡೈಸಲ್ಫೈಡ್ ಆಗುತ್ತದೆ. ಇಲ್ಲಿ ಅಳೆಯುವ ಮುಂಚೆ ಒಂದೆರಡು ಹನಿ ಅಮೋನಿಯಾ ದ್ರಾವಣ ಹಾಕಿ ನಾನೇ ಕಳಚಿಸುತ್ತೇನೆ. ಕಂದು ಗಾಜಿನ ಸೀಸೆಯಲ್ಲಿ ಸಾರಜನಕ ತುಂಬಿ, ಮುಚ್ಚಳದ ಸುತ್ತ ಪ್ಯಾರಾಫಿಲ್ಮ್ ಸುತ್ತಿ.

ತುಂಗಾದಡ

ಆಗಲಿ ಸರ್. ಮೆಟಾ ತುಂಡಿನ ಅಯೊಡೈಡ್ ನಾಳೆ ಬರಬೇಕು. ಅದು ಮುಗಿದ ಮೇಲೆ ಎರಡು ಸೀಸೆಗಳನ್ನೂ ಒಟ್ಟಿಗೆ ಕಳಿಸುತ್ತೇನೆ.